ಹಳೆಯ ಸ್ನೋ ಬ್ಲೋವರ್ ದೂರ ಎಸೆಯುತ್ತಿಲ್ಲವೇ? ಎಂಜಿನ್ ಬಿಡಿ, ಸಂದು ನೋಡಿ

ಪ್ರಶ್ನೆ: ನಮಸ್ಕಾರ ಸರ್. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಹತ್ತಿರ ಹೋದ ವರ್ಷ ಮನೆ ಕೊಂಡೆವು. ಹಿಂದಿನ ಮಾಲೀಕರು ಗ್ಯಾರೇಜಿನಲ್ಲಿ ಒಂದು ಹಳೆಯ ಸ್ನೋ ಬ್ಲೋವರ್, ಅಂದರೆ ಹಿಮವನ್ನು ಅಗೆದು ದೂರ ಎಸೆಯುವ ಯಂತ್ರ, ಬಿಟ್ಟುಹೋಗಿದ್ದಾರೆ. ಟೂ ಸ್ಟೇಜ್, 24 ಇಂಚು ಅಗಲ, 8 ಹಾರ್ಸ್‌ಪವರ್ ಟೆಕುಮ್ಸೆ ಎಂಜಿನ್. ಇಪ್ಪತ್ತೈದು ವರ್ಷ ದಾಟಿರಬೇಕು. ಬೇಗ ಸ್ಟಾರ್ಟ್ ಆಗುತ್ತದೆ, ಸದ್ದೂ ಗಟ್ಟಿಯಾಗಿದೆ. ಆದರೆ ಪುಡಿ ಹಿಮವನ್ನು 15 ಅಡಿ ಎಸೆದರೆ ಹೆಚ್ಚು. ರಸ್ತೆಯ ಹಿಮ ತಳ್ಳುವ ಪ್ಲೋ ಗಾಡಿ ಡ್ರೈವ್‌ವೇ ಬಾಯಿಗೆ ಒಟ್ಟಿಹೋಗುವ ಕೆಸರಿನಂಥ ಹಿಮ ಸೊಂಡಿಲಿನಿಂದ ಗಂಜಿಯ ಹಾಗೆ ಸುರಿದು ಪಕ್ಕದಲ್ಲೇ ಗುಡ್ಡೆಯಾಗುತ್ತದೆ. ಎದುರು ಮನೆಯವರ ಹೊಸ ಯಂತ್ರ 35 ಅಡಿ ಎಸೆಯುತ್ತದೆ. ದೊಡ್ಡ ಎಂಜಿನ್ ಹಾಕಿಸಲೇ, ಇಲ್ಲ ಹೊಸದನ್ನೇ ಕೊಳ್ಳಲೇ? ಇನ್ನೊಂದು ಪುಟ್ಟ ಪ್ರಶ್ನೆ: ಸೊಂಡಿಲಿನ ಒಳಗೆ ಅಡುಗೆ ಎಣ್ಣೆ ಸ್ಪ್ರೇ ಹೊಡೆದರೆ ಒಳ್ಳೆಯದು ಎಂದು ಸ್ನೇಹಿತರು ಹೇಳಿದರು, ನಿಜವೇ?

ಉತ್ತರ: ಎಂಜಿನ್ ಬದಲಿಸಬೇಡಿ. ಹೊಸ ಯಂತ್ರವನ್ನೂ ಈಗಲೇ ಕೊಳ್ಳಬೇಡಿ. ಒಂದು ಶನಿವಾರ ಮಧ್ಯಾಹ್ನ, ಒಂದಿಷ್ಟು ರಬ್ಬರು, ಒಂದು ಡ್ರಿಲ್, ಬಹುಶಃ ಒಂದು ಹೊಸ ಬೆಲ್ಟ್ – ನಿಮ್ಮ ಕೆಲಸ ಇಷ್ಟರಲ್ಲೇ ಮುಗಿಯುವ ಸಾಧ್ಯತೆ ಹೆಚ್ಚು.

ಹಿಮ ಹೊರಬೀಳುವ ಕೊಳವೆಯನ್ನು ನೀವು ಸೊಂಡಿಲು ಎಂದು ಕರೆದದ್ದು ಇಷ್ಟವಾಯಿತು. ಇಲ್ಲಿಯವರು ಶೂಟ್ ಅನ್ನುತ್ತಾರೆ. ನಾನೂ ಸೊಂಡಿಲು ಎಂದೇ ಬರೆಯುತ್ತೇನೆ.

ಟೂ ಸ್ಟೇಜ್ ಅಂದರೆ ಎರಡು ಹಂತದ ಕೆಲಸ. ಮುಂದೆ ಕಾಣುವ ಹಲ್ಲಿನ ಸುರುಳಿ, ಅಂದರೆ ಆಗರ್, ನಿಧಾನವಾಗಿ ತಿರುಗುತ್ತ ಹಿಮವನ್ನು ಅಗೆದು ನಡುವಿಗೆ ತಳ್ಳುತ್ತದೆ. ಎಸೆಯುವುದು ಅದರ ಕೆಲಸವಲ್ಲ. ಅದರ ಹಿಂದೆ, ದುಂಡನೆಯ ಡ್ರಮ್ಮಿನೊಳಗೆ, ಮೂರು ನಾಲ್ಕು ಬ್ಲೇಡುಗಳ ಇಂಪೆಲ್ಲರ್ ಇರುತ್ತದೆ. ಅದು ಜೋರಾಗಿ ತಿರುಗಿ ಹಿಮವನ್ನು ಸೊಂಡಿಲಿಗೆ ಬಡಿಯುತ್ತದೆ. ದೂರದ ಲೆಕ್ಕವೆಲ್ಲ ಈ ಎರಡನೆಯದರದ್ದು.

ನಾನು ಅಮೆರಿಕಕ್ಕೆ ಬರುವ ಮೊದಲು ತಿಪಟೂರು ಕಡೆಯ ಒಂದು ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೈ ಮಸಿ ಮಾಡಿಕೊಂಡವನು. ತೆಂಗಿನ ತೋಟದವರು ಬಂದು, "ಮೋಟಾರ್ ಚೆನ್ನಾಗೇ ಓಡುತ್ತೆ, ನೀರು ಮಾತ್ರ ಮೇಲೆ ಹತ್ತೋದಿಲ್ಲ, ದೊಡ್ಡ ಮೋಟಾರ್ ಹಾಕಿಬಿಡಿ" ಅನ್ನುತ್ತಿದ್ದರು. ಬಿಚ್ಚಿ ನೋಡಿದರೆ ಇಂಪೆಲ್ಲರ್ ಸುತ್ತಲಿನ ರಿಂಗ್ ಸವೆದು ಸಂದು ಬಿಟ್ಟಿರುತ್ತಿತ್ತು. ಮುಂದಕ್ಕೆ ಹೋಗಬೇಕಾದ ನೀರು ಆ ಸಂದಿನಲ್ಲೇ ಹಿಂದಕ್ಕೆ ನುಸುಳಿ ಅಲ್ಲಲ್ಲೇ ಸುತ್ತುತ್ತಿತ್ತು. ನಿಮ್ಮ ಕಾಗದ ಓದಿದಾಗ ನೆನಪಾದದ್ದು ಆ ಪಂಪುಗಳೇ.

ಸ್ಪಾನರ್ ಹಿಡಿಯುವ ಮೊದಲು ಕಿವಿಗೆ ಕೆಲಸ ಕೊಡಿ. ಮುಂದಿನ ಸಲ ಒದ್ದೆ ಹಿಮ ಬಿದ್ದಾಗ ಥ್ರಾಟಲ್ ಪೂರ್ತಿ ಏರಿಸಿ, ಯಂತ್ರವನ್ನು ಗುಡ್ಡೆಯೊಳಗೆ ನುಗ್ಗಿಸಿ, ಹ್ಯಾಂಡಲ್ ಬಿಡದೆ ನಿಂತಲ್ಲೇ ಆಲಿಸಿ. ಎಂಜಿನ್ ಸದ್ದು ಕುಗ್ಗಿ, ಉಸಿರು ಕಟ್ಟಿದಂತಾಗಿ, ನಿಂತೇಹೋಗುವ ಹಾಗಾದರೆ ಎಂಜಿನ್ನಿಗೆ ಬಲ ಸಾಲುತ್ತಿಲ್ಲ. ಸದ್ದು ಒಂದಿಷ್ಟೂ ಬದಲಾಗದೆ ಆಗರ್ ಮಾತ್ರ ನಿಧಾನವಾದರೆ ಅಥವಾ ನಿಂತರೆ ಬೆಲ್ಟ್ ಜಾರುತ್ತಿದೆ. ಸುಟ್ಟ ರಬ್ಬರಿನ ವಾಸನೆಯೂ ಬರಬಹುದು. ಎಂಜಿನ್ ಆರಾಮಾಗಿದೆ, ಆಗರ್ ಸರಿಯಾಗೇ ತಿರುಗುತ್ತಿದೆ, ಆದರೂ ಸೊಂಡಿಲಿನಿಂದ ಗಂಜಿ ಸುರಿಯುತ್ತಿದೆ ಅಂದರೆ ಸಂದು ದೊಡ್ಡದಾಗಿದೆ.

"ಸದ್ದೂ ಗಟ್ಟಿಯಾಗಿದೆ" ಎಂದು ಬರೆದಿದ್ದೀರಿ. ಹಾಗಾಗಿ ಮೊದಲನೆಯದು ಬಹುಮಟ್ಟಿಗೆ ಅಲ್ಲ. ಕೆಸರು ಹಿಮ ಗಂಜಿಯಾಗುವುದು ಸಂದಿನ ಗುರುತು. ಆದರೆ ಪುಡಿ ಹಿಮವೂ 15 ಅಡಿಗೇ ನಿಲ್ಲುತ್ತಿದೆಯಲ್ಲ, ಅದಕ್ಕೆ ಸಂದೊಂದೇ ಕಾರಣವಾಗಲಾರದು. ಇಂಪೆಲ್ಲರಿನ ವೇಗವೂ ಎಲ್ಲೋ ಸೋರಿಹೋಗುತ್ತಿದೆ.

ವೇಗ ಎಷ್ಟು ಮುಖ್ಯ ಅನ್ನುವುದಕ್ಕೆ ಸ್ವಲ್ಪ ಲೆಕ್ಕ. 12 ಇಂಚು ವ್ಯಾಸದ ಇಂಪೆಲ್ಲರ್ ನಿಮಿಷಕ್ಕೆ 1200 ಸುತ್ತು ತಿರುಗಿದರೆ ಅದರ ಬ್ಲೇಡಿನ ತುದಿ ಸೆಕೆಂಡಿಗೆ ಸುಮಾರು 19 ಮೀಟರ್ ವೇಗದಲ್ಲಿ ಓಡುತ್ತದೆ. ಆ ವೇಗದಲ್ಲಿ 45 ಡಿಗ್ರಿಗೆ ಕವಣೆಕಲ್ಲು ಬೀಸಿದರೆ, ಗಾಳಿಯ ತಡೆ ಇಲ್ಲದಿದ್ದಲ್ಲಿ, 37 ಮೀಟರ್ ಹೋಗಬೇಕು, ಅಂದರೆ 120 ಅಡಿ. ಹಿಮ ಕಲ್ಲಲ್ಲ. ಸೊಂಡಿಲಿನ ಗೋಡೆಗೆ ಉಜ್ಜಿ ವೇಗ ಕಳೆದುಕೊಳ್ಳುತ್ತದೆ, ಹೊರಬಿದ್ದೊಡನೆ ಚೆದುರುತ್ತದೆ, ಗಾಳಿ ತಡೆಯುತ್ತದೆ. ಕೊನೆಗೆ 35–40 ಅಡಿ ದಕ್ಕಿದರೆ ಅದೇ ಒಳ್ಳೆಯ ಯಂತ್ರ. ಗಮನಿಸಬೇಕಾದ್ದು ಬೇರೆ: ದೂರ ಏರುವುದೂ ಇಳಿಯುವುದೂ ವೇಗದ ವರ್ಗದ ಪ್ರಮಾಣದಲ್ಲಿ. 3600 ಸುತ್ತು ಓಡಬೇಕಾದ ಎಂಜಿನ್ 3000ಕ್ಕೆ ಇಳಿದರೆ ವೇಗದಲ್ಲಿ ಹೋದದ್ದು ಆರನೇ ಒಂದು ಪಾಲು, ಆದರೆ ಕವಣೆಕಲ್ಲಿನ ಲೆಕ್ಕದಲ್ಲಿ ದೂರದ ಮೂರನೇ ಒಂದು ಪಾಲು ಹತ್ತಿರ ಹತ್ತಿರ ಮಾಯ.

ದೊಡ್ಡ ಎಂಜಿನ್ ಯಾಕೆ ಬೇಡ ಎಂದೆನೋ ಅದಕ್ಕೂ ಉತ್ತರ ಇಲ್ಲೇ ಇದೆ. 8 ಹಾರ್ಸ್‌ಪವರ್ ತೆಗೆದು 11 ಹಾಕಿದರೂ ಅದನ್ನು ಓಡಿಸುವುದು 3600ರ ಆಸುಪಾಸಿನಲ್ಲೇ. ಪುಲ್ಲಿ ಅದೇ ಇದ್ದರೆ ಬ್ಲೇಡಿನ ತುದಿಯ ವೇಗವೂ ಅದೇ. ಹೆಚ್ಚು ಹಿಮವನ್ನು ಉಸಿರು ಕಟ್ಟದೆ ನುಂಗುತ್ತದೆ, ನಿಜ. ಹೆಚ್ಚು ದೂರ ಎಸೆಯುವುದಿಲ್ಲ. ಸಂದು ಇದ್ದ ಹಾಗೇ ಇದ್ದರೆ ಹೆಚ್ಚು ಗಂಜಿ ಸುರಿಯುತ್ತದೆ, ಅಷ್ಟೇ.

ಈಗ ಆ ಸಂದಿನ ವಿಷಯ. ಬ್ಲೇಡಿನ ತುದಿಗೂ ಡ್ರಮ್ಮಿನ ಗೋಡೆಗೂ ನಡುವೆ ಹಳೆಯ ಯಂತ್ರಗಳಲ್ಲಿ 6ರಿಂದ 10 ಮಿಲಿಮೀಟರ್ ಬಿಡುವು ಸಾಮಾನ್ಯ. ಸವೆತಕ್ಕೆ ಮೊದಲೇ, ಹೊಸದರಲ್ಲೇ ಅಷ್ಟು ಬಿಟ್ಟಿರುತ್ತಾರೆ. ಡ್ರಮ್ ಪೂರಾ ದುಂಡಗೆ ಇರುವುದಿಲ್ಲ, ಕಲ್ಲು ಸಿಕ್ಕಿಕೊಂಡರೆ ಬ್ಲೇಡ್ ಮುರಿಯಬಾರದು. ಒಣ ಹಿಮಕ್ಕೆ ಇದರಿಂದ ಅಂಥ ತೊಂದರೆಯಿಲ್ಲ. ನೀರು ತುಂಬಿದ ಹಿಮ ಮಾತ್ರ ಆ ಸಂದಿನಲ್ಲಿ ಹಿಟ್ಟಿನ ಹಾಗೆ ಮೆತ್ತಿಕೊಂಡು ಗೋಡೆಗೆ ಒಂದು ಪದರವಾಗಿ ನಿಲ್ಲುತ್ತದೆ. ಬ್ಲೇಡ್ ಅದರ ಮೇಲೆ ಉಜ್ಜುತ್ತ ಸಾಗುತ್ತದೆ, ಎಂಜಿನ್ನಿನ ಬಲ ಆ ಉಜ್ಜಾಟದಲ್ಲೇ ಖರ್ಚಾಗುತ್ತದೆ, ಹಿಮದ ಒಂದು ಪಾಲು ಬ್ಲೇಡಿನ ಹಿಂದಕ್ಕೆ ಜಾರಿ ಅಲ್ಲೇ ಸುತ್ತು ಹಾಕುತ್ತದೆ. ಸೊಂಡಿಲು ತುಂಬುವಷ್ಟು ಹಿಮ ಒಮ್ಮೆಗೆ ಬಾರದೆ ನಿಧಾನವಾಗಿ ತೆವಳಿದಾಗ ಅಲ್ಲಿಯೇ ಕಟ್ಟಿಕೊಳ್ಳುವುದೂ ಇದರಿಂದಲೇ.

ಪರಿಹಾರ: ಪ್ರತಿ ಬ್ಲೇಡಿನ ತುದಿಗೆ ಒಂದು ರಬ್ಬರ್ ಪಟ್ಟಿ ಕಟ್ಟಿ ಸಂದು ಮುಚ್ಚುವುದು. ಇಂಪೆಲ್ಲರ್ ಕಿಟ್ ಎಂಬ ಹೆಸರಿನಲ್ಲಿ ತಯಾರಾಗಿಯೇ ಸಿಗುತ್ತದೆ. ನಾನು ಹುಲ್ಲಿನ ಉಂಡೆ ಕಟ್ಟುವ ಯಂತ್ರದ ಹಳೆಯ ಬೆಲ್ಟ್ ತುಂಡಿನಲ್ಲಿ ಮಾಡಿಕೊಂಡೆ. ಒಳಗೆ ಬಟ್ಟೆಯ ಪದರವಿರುವ, ಕಾಲು ಇಂಚಿಗೆ ಕಡಿಮೆಯಿಲ್ಲದ ದಪ್ಪದ ಯಾವ ರಬ್ಬರಾದರೂ ನಡೆಯುತ್ತದೆ. ಬರೀ ಮೆತ್ತನೆಯ ರಬ್ಬರು ಬೇಡ, ಬೋಲ್ಟ್ ಹತ್ತಿರ ಹರಿದುಹೋಗುತ್ತದೆ. ಟೈರಿನ ನೆಲಕ್ಕೆ ತಾಗುವ ಭಾಗವೂ ಬೇಡ, ಅದರೊಳಗಿನ ಉಕ್ಕಿನ ತಂತಿ ಡ್ರಮ್ಮನ್ನು ಗೀರುತ್ತದೆ.

ಕೆಲಸ ಶುರುಮಾಡುವ ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು ದೂರ ಕಟ್ಟಿಡಿ. ಕೀ ತೆಗೆದಿದ್ದೇನೆ, ಸಾಕು ಅನ್ನಬೇಡಿ; ಇಂಪೆಲ್ಲರಿನೊಳಗೆ ಕೈ ಇಡುವ ಕೆಲಸವಿದು. ಸೊಂಡಿಲನ್ನು ಬುಡದಿಂದ ಬಿಚ್ಚಿದರೆ ಡ್ರಮ್ಮಿನ ಬಾಯಿ ತೆರೆಯುತ್ತದೆ, ಒಂದೊಂದೇ ಬ್ಲೇಡನ್ನು ಅಲ್ಲಿಗೆ ತಿರುಗಿಸಿ ತಂದು ಅಲ್ಲಿಂದಲೇ ಡ್ರಿಲ್ ಮಾಡಬಹುದು. ಯಂತ್ರವನ್ನು ಎರಡು ಹೋಳು ಮಾಡುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಇಲ್ಲಿ ಒಂದು ನಿಮಿಷ ನಿಂತು ಇಂಪೆಲ್ಲರನ್ನು ಹಿಡಿದು ಅಲ್ಲಾಡಿಸಿ. ಮೇಲೆ ಕೆಳಗೆ ಆಡಿದರೆ ಹಿಂದಿನ ಬೇರಿಂಗ್ ಹೋಗಿದೆ. ಮೊದಲು ಅದನ್ನು ಬದಲಿಸಿ, ಇಲ್ಲದಿದ್ದರೆ ರಬ್ಬರ್ ಒಂದು ಕಡೆ ಒತ್ತಿ ಇನ್ನೊಂದು ಕಡೆ ಸಂದು ಬಿಡುತ್ತದೆ. ಶಾಫ್ಟ್ ತಿರುಗದೆ ಇಂಪೆಲ್ಲರ್ ಮಾತ್ರ ತಿರುಗಿದರೆ ಅದನ್ನು ಶಾಫ್ಟಿಗೆ ಹಿಡಿದಿರುವ ಪಿನ್ ಕತ್ತರಿಸಿಹೋಗಿದೆ. ಆಗ ನಿಮ್ಮ ಸಮಸ್ಯೆ ಅಲ್ಲೇ ಸಿಕ್ಕಿತು, ರಬ್ಬರಿನ ಮಾತು ಆಮೇಲೆ.

ಇನ್ನು ಅಳತೆ. ಬ್ಲೇಡನ್ನು ಒಂದು ಪೂರ್ತಿ ಸುತ್ತು ಕೈಯಲ್ಲೇ ತಿರುಗಿಸಿ, ಸಂದು ಎಲ್ಲಿ ಅತಿ ಕಡಿಮೆಯೋ ಅಲ್ಲಿ ಗುರುತು ಹಾಕಿ. ರಬ್ಬರ್ ಹೊಂದಿಸಬೇಕಾದ್ದು ಆ ಜಾಗದಲ್ಲಿ. ಪಟ್ಟಿ ಸುಮಾರು ಎರಡು ಇಂಚು ಅಗಲ, ಉದ್ದ ಬ್ಲೇಡಿನ ತುದಿಯಷ್ಟೇ. ಬ್ಲೇಡಿನಲ್ಲಿ ಹಿಮವನ್ನು ಬಡಿಯುವ ಮುಖಕ್ಕೆ ರಬ್ಬರ್ ಇಟ್ಟು, ಅದರ ಮೇಲೆ ತೆಳು ಉಕ್ಕಿನ ಪಟ್ಟಿ ಕೂರಿಸಿ, ಮೂರನ್ನೂ ಸೇರಿಸಿ ಎರಡೆರಡು ಬೋಲ್ಟ್ ಹಾಕಿ. ಹೀಗೆ ಹಾಕಿದರೆ ರಬ್ಬರ್ ಹಿಂದಕ್ಕೆ ಬಾಗುವಾಗ ಬ್ಲೇಡೇ ಆಸರೆ ಕೊಡುತ್ತದೆ. ನಟ್ಟುಗಳು ನೈಲಾನ್ ರಿಂಗ್ ಇರುವಂಥವು ಆಗಲಿ. ಅಲುಗಾಟಕ್ಕೆ ಸಡಿಲವಾದ ನಟ್ಟು ಸೊಂಡಿಲಿನಿಂದ ಗುಂಡಿನ ಹಾಗೆ ಹಾರುತ್ತದೆ. ರಬ್ಬರಿನ ತೂತುಗಳನ್ನು ಉದ್ದಕ್ಕೆ ಸೀಳಿದಂತೆ ಮಾಡಿಕೊಂಡರೆ ಮುಂದೆ ಸವೆದಾಗ ಹೊರಕ್ಕೆ ಸರಿಸಬಹುದು.

ರಬ್ಬರ್ ಗೋಡೆಗೆ ತಾಗಬೇಕು, ಒತ್ತಬಾರದು. ನಾನು ಮೊದಲ ಸಲ ಮಾಡಿದ ತಪ್ಪು ಇದೇ. ಬಿಗಿಯಾಗಿದ್ದರೆ ಒಳ್ಳೆಯದು ಎಂದು ಮೂರು ಮಿಲಿಮೀಟರ್ ಒತ್ತಿ ಕೂರಿಸಿದೆ. ಆಗರ್ ಲಿವರ್ ಒತ್ತಿದೊಡನೆ ಎಂಜಿನ್ ನಿಂತಿತು, ಮೂರನೇ ಸಲಕ್ಕೆ ಬೆಲ್ಟ್ ಹೊಗೆಯಾಡಿತು. ಈಗ ಕೈಯಲ್ಲಿ ತಿರುಗಿಸಿದರೆ ಪೊರಕೆ ಗುಡಿಸಿದಷ್ಟು ಸದ್ದು ಬರುವ ಹಾಗೆ ಇಡುತ್ತೇನೆ. ಮೊದಲ ಎರಡು ಮೂರು ನಿಮಿಷ ಕಪ್ಪು ಪುಡಿ ಉದುರುತ್ತದೆ, ವಾಸನೆ ಬರುತ್ತದೆ. ಅಷ್ಟರಲ್ಲಿ ರಬ್ಬರ್ ತಾನೇ ಹೊಂದಿಕೊಳ್ಳುತ್ತದೆ. ಈ ಓಟವನ್ನು ಗ್ಯಾರೇಜಿನ ಬಾಗಿಲು ಹಾಕಿಕೊಂಡು ಮಾಡಬೇಡಿ, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಸೊಂಡಿಲಿನ ಬಾಯಿ ಮುಗಿದು ಡ್ರಮ್ಮಿನ ಗೋಡೆ ಮತ್ತೆ ಶುರುವಾಗುವ ಅಂಚು ಚೂಪಾಗಿದ್ದರೆ ಅರದಲ್ಲಿ ಉಜ್ಜಿ, ಇಲ್ಲದಿದ್ದರೆ ಪ್ರತಿ ಸುತ್ತಿಗೂ ರಬ್ಬರನ್ನು ತುರಿಯುತ್ತದೆ.

ಬ್ಲೇಡ್ ಮೂರಿದ್ದರೆ ಮೂರಕ್ಕೂ ಹಾಕಿ. ನಾಲ್ಕಿದ್ದರೆ ಎದುರುಬದುರಿನ ಎರಡಕ್ಕೆ ಹಾಕಿದರೂ ಸಾಗುತ್ತದೆ. ತೂಕ ಒಂದೇ ಕಡೆಗೆ ವಾಲಬಾರದು. ನನ್ನ ಯಂತ್ರದಲ್ಲಿ ಕೆಸರು ಹಿಮ ಆರು ಅಡಿಯಿಂದ ಇಪ್ಪತ್ತಕ್ಕೆ ಹೋಯಿತು, ಸೊಂಡಿಲು ಕಟ್ಟಿಕೊಳ್ಳುವುದು ಹೆಚ್ಚುಕಡಿಮೆ ನಿಂತೇಹೋಯಿತು. ಪುಡಿ ಹಿಮದಲ್ಲಿ ನಾಲ್ಕೈದು ಅಡಿ ಹೆಚ್ಚಿತು, ಅಷ್ಟೇ. ಪುಡಿ ಹಿಮಕ್ಕೆ ಬೇಕಾದ್ದು ವೇಗ.

ಹಾಗಾಗಿ ವೇಗ ಎಲ್ಲಿ ಸೋರುತ್ತಿದೆ ನೋಡೋಣ. ಬೆಲ್ಟಿನ ಮುಚ್ಚಳ ತೆಗೆಯಿರಿ. ಬೆಲ್ಟಿನ ಅಂಚು ಕನ್ನಡಿಯ ಹಾಗೆ ಮಿರಮಿರ ಹೊಳೆಯುತ್ತಿದ್ದರೆ, ಬಿರುಕು ಬಿಟ್ಟಿದ್ದರೆ, ಅದರ ಆಯಸ್ಸು ಮುಗಿದಿದೆ. ಜಾರದ ಬೆಲ್ಟೂ ಮೋಸ ಮಾಡಬಹುದು: ಸವೆದು ಅಗಲ ಕಡಿಮೆಯಾದ ಬೆಲ್ಟ್ ಎಂಜಿನ್ ಕಡೆಯ ಚಿಕ್ಕ ಪುಲ್ಲಿಯಲ್ಲಿ ಆಳಕ್ಕೆ ಇಳಿದು ಕೂರುತ್ತದೆ, ಚಿಕ್ಕ ಪುಲ್ಲಿ ಇನ್ನೂ ಚಿಕ್ಕದಾದ ಹಾಗಾಗಿ ಇಂಪೆಲ್ಲರ್ ನಿಧಾನವಾಗುತ್ತದೆ. ಬದಲಿಸುವಾಗ ಯಂತ್ರದ ಪುಸ್ತಕದಲ್ಲಿರುವ ನಂಬರಿನದನ್ನೇ ತನ್ನಿ. ಇಲ್ಲಿ ಬೆಲ್ಟೇ ಕ್ಲಚ್ಚಿನ ಕೆಲಸವನ್ನೂ ಮಾಡುತ್ತದೆ. ದಿನಕ್ಕೆ ನೂರು ಸಲ ಬಿಗಿದು ಸಡಿಲವಾಗುವ ಜಾಗದಲ್ಲಿ ಕಾರಿನ ಫ್ಯಾನ್ ಬೆಲ್ಟ್ ಬಾಳುವುದಿಲ್ಲ. ಊರಿನ ಹಿಟ್ಟಿನ ಗಿರಣಿಯಲ್ಲಿ ಓಡುವ ಪಟ್ಟೆಗೆ ರಾಳ ಉಜ್ಜುವುದನ್ನು ನೋಡಿದವರಿಗೆ ಇಲ್ಲೂ ಏನಾದರೂ ಅಂಟು ಹಚ್ಚುವ ಆಸೆ ಬರುತ್ತದೆ. ಬೇಡ. ಅಂಟಿದ ಬೆಲ್ಟ್ ಲಿವರ್ ಬಿಟ್ಟ ಮೇಲೂ ಆಗರನ್ನು ತಿರುಗಿಸುತ್ತಲೇ ಇರಬಹುದು, ಅದು ಅಪಾಯ. ಕೇಬಲ್ ಬಿಗಿಸುವಾಗಲೂ ಇದೇ ಪರೀಕ್ಷೆ: ಲಿವರ್ ಒತ್ತಿದಾಗ ಐಡ್ಲರ್ ಪುಲ್ಲಿ ಬೆಲ್ಟನ್ನು ಗಟ್ಟಿಯಾಗಿ ಅದುಮಬೇಕು, ಬಿಟ್ಟಾಗ ಆಗರ್ ಪೂರ್ತಿ ನಿಲ್ಲಬೇಕು.

ಆಮೇಲೆ ಎಂಜಿನ್ನಿನ ಸುತ್ತು. ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಸುತ್ತಿದರೆ ಸುತ್ತು ತೋರಿಸುವ ಪುಟ್ಟ ಟ್ಯಾಕೋಮೀಟರ್ ಅಗ್ಗಕ್ಕೆ ಸಿಗುತ್ತದೆ. ಈ ಬಗೆಯ ಎಂಜಿನ್‌ಗಳಲ್ಲಿ ಭಾರವಿಲ್ಲದೆ ಪೂರ್ತಿ ಥ್ರಾಟಲಿನಲ್ಲಿ 3600ರ ಹತ್ತಿರ ಇರುವುದು ರೂಢಿ; ನಿಮ್ಮ ಮಾಡೆಲ್ಲಿಗೆ ಎಷ್ಟು ಎಂಬುದನ್ನು ಅದರ ಪುಸ್ತಕದಲ್ಲಿ ನೋಡಿಕೊಳ್ಳಿ. ಟೆಕುಮ್ಸೆ ಕಂಪನಿ 2008ರ ಕೊನೆಗೆ ಈ ಎಂಜಿನ್‌ಗಳ ತಯಾರಿಕೆ ನಿಲ್ಲಿಸಿತು, ಆದರೂ ಬಿಡಿಭಾಗಗಳು ಇನ್ನೂ ಸಿಗುತ್ತವೆ. ಸುತ್ತು ಕಡಿಮೆಯಿದ್ದರೆ ಗವರ್ನರಿನ (ಎಂಜಿನ್ನಿನ ಸುತ್ತನ್ನು ಹಿಡಿತದಲ್ಲಿಡುವ ಭಾಗ) ಸ್ಪ್ರಿಂಗ್ ಸಡಿಲವಾಗಿರಬಹುದು, ಇಲ್ಲವೇ ಥ್ರಾಟಲ್ ಕೇಬಲ್ ಪೂರ್ತಿ ಎಳೆಯುತ್ತಿಲ್ಲದೆ ಇರಬಹುದು. ಚೋಕ್ ಅರ್ಧ ಎಳೆದರಷ್ಟೇ ಸರಿಯಾಗಿ ಓಡುತ್ತದೆ, ಬಿಟ್ಟರೆ ಏರಿಳಿಯುತ್ತದೆ ಅಂದರೆ ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಕಟ್ಟಿಕೊಂಡಿದೆ. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10 ಪ್ರತಿಶತದವರೆಗೆ ಎಥನಾಲ್ ಇರುತ್ತದೆ. ಬೇಸಗೆಯಿಡೀ ಟ್ಯಾಂಕಿನಲ್ಲಿ ಬಿಟ್ಟರೆ ಅಂಟುಕಟ್ಟುತ್ತದೆ. ಬಿಚ್ಚಿ ತೊಳೆಯಿರಿ, ಏಪ್ರಿಲ್‌ನಲ್ಲಿ ಟ್ಯಾಂಕ್ ಖಾಲಿ ಮಾಡಿಡಿ. ಅಂದಹಾಗೆ, ನಮ್ಮವರಲ್ಲಿ ಹಲವರು "ಎಂಜಿನ್ ಬಾಳಿಕೆ ಬರಲಿ" ಎಂದು ಅರ್ಧ ಥ್ರಾಟಲಿನಲ್ಲಿ ಓಡಿಸುವುದನ್ನು ನೋಡಿದ್ದೇನೆ. ಸ್ನೋ ಬ್ಲೋವರಿನಲ್ಲಿ ಅದು ಉಳಿತಾಯವಲ್ಲ. ಥ್ರಾಟಲ್ ಲಿವರನ್ನು ಪೂರ್ತಿ ವೇಗದ ಗುರುತಾದ ಮೊಲದ ಚಿತ್ರದವರೆಗೂ ತಳ್ಳಿ.

ಗವರ್ನರನ್ನು ಬಿಗಿದು 4000 ಮಾಡಿಬಿಡೋಣ ಎಂದು ಮಾತ್ರ ಹೊರಡಬೇಡಿ. ಒಳಗಿನ ಕನೆಕ್ಟಿಂಗ್ ರಾಡ್ ಅಲ್ಯೂಮಿನಿಯಮ್ಮಿನದು. ನಾನು ಒಮ್ಮೆ ಒಂದು ಹಳೆಯ ಎಂಜಿನ್ನಿಗೆ ಈ ಉಪಕಾರ ಮಾಡಿದ್ದೆ. ರಾಡ್ ಮುರಿದು ಬ್ಲಾಕಿನಲ್ಲಿ ಕಿಟಕಿ ತೆರೆಯಿತು, ಎಣ್ಣೆಯೆಲ್ಲ ಹಿಮದ ಮೇಲೆ. ಎಂಜಿನ್ ಪುಲ್ಲಿಯನ್ನು 3 ಇಂಚಿನಿಂದ ಮೂರೂಕಾಲು ಇಂಚಿಗೆ ಏರಿಸುವವರೂ ಇದ್ದಾರೆ. ಲೆಕ್ಕದಲ್ಲಿ ವೇಗ 8 ಪ್ರತಿಶತ, ದೂರ 17 ಪ್ರತಿಶತ ಹೆಚ್ಚುತ್ತದೆ. ಆದರೆ ಅಷ್ಟೇ ಹಿಮಕ್ಕೆ ಎಂಜಿನ್ ಅಷ್ಟೇ ಪಾಲು ಹೆಚ್ಚು ದುಡಿಯಬೇಕು, ಆಗರ್ ಗೇರ್ ಪೆಟ್ಟಿಗೆಯೂ ಜೋರಾಗಿ ತಿರುಗುತ್ತದೆ, ಇಪ್ಪತ್ತೈದು ವರ್ಷದ ಹಳೆ ಬೆಸುಗೆಯ ಇಂಪೆಲ್ಲರ್ ಅದನ್ನು ತಡೆಯಬೇಕು. ನಿಮ್ಮ ಯಂತ್ರಕ್ಕೆ ನಾನು ಇದನ್ನು ಮಾಡುವುದಿಲ್ಲ.

ಓಡಿಸುವ ರೀತಿಯಲ್ಲೂ ಕೆಲವು ಅಡಿ ಅಡಗಿವೆ. ಪುಡಿ ಹಿಮದಲ್ಲಿ ತೀರಾ ನಿಧಾನ ಹೋದರೆ ಇಂಪೆಲ್ಲರ್ ಅರೆಹೊಟ್ಟೆಯಲ್ಲಿ ತಿರುಗುತ್ತದೆ, ಚದುರಿದ ಪುಡಿ ಗಾಳಿಯಲ್ಲೇ ನಿಂತುಬಿಡುತ್ತದೆ. ಬಾಯಿ ತುಂಬುವಷ್ಟು ವೇಗದಲ್ಲಿ ನಡೆಯಿರಿ. ಕೆಸರು ಹಿಮಕ್ಕೆ ಅರ್ಧ ಅಗಲ ಮಾತ್ರ ಹಿಡಿದು ಮೊದಲ ಗೇರಿನಲ್ಲಿ ಹೋಗಿ, ಪ್ಲೋ ಬಂದುಹೋದ ಮೇಲೆ ಅದು ರಾತ್ರಿಯಿಡೀ ಹೆಪ್ಪುಗಟ್ಟಲು ಬಿಡಬೇಡಿ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ; ಒಂಟೇರಿಯೊ ಸರೋವರದ ಕಡೆಯಿಂದ ಬೀಸುವ ಗಾಳಿಗೆ ಎದುರಾಗಿ ಎಸೆದರೆ ನಿಮ್ಮ ಕನ್ನಡಕಕ್ಕೇ ಅಭಿಷೇಕ. (ಕ್ವಿಬೆಕ್‌ನ ಆರ್ಥರ್ ಸಿಕಾರ್ಡ್ ತನ್ನ ಮೊದಲ ಸ್ನೋ ಬ್ಲೋವರನ್ನು 1927ರಲ್ಲಿ ಮಾಂಟ್ರಿಯಲ್ ಪಕ್ಕದ ಊಟ್ರಮಾಂಟ್ ಪಟ್ಟಣಕ್ಕೆ ಮಾರಿದ. ಅವನಿಗೆ ಅದು ಹೊಳೆದದ್ದು ಕಾಳು ಒಕ್ಕುವ ಯಂತ್ರ ನೋಡಿ ಎನ್ನುತ್ತಾರೆ. ನಮ್ಮ ಕಣದ ಗಾದೆ ಇಲ್ಲಿಗೆ ಹೊಂದುವುದು ಆಶ್ಚರ್ಯವಲ್ಲ.)

ಸೊಂಡಿಲು ಕಟ್ಟಿಕೊಂಡರೆ ಎಂಜಿನ್ ನಿಲ್ಲಿಸಿ ಕೋಲಿನಲ್ಲಿ ಬಿಡಿಸಿ, ಕೈಯಲ್ಲಿ ಎಂದೂ ಬೇಡ. ಬೆಲ್ಟಿನಲ್ಲಿ ಉಳಿದ ಬಿಗಿತಕ್ಕೆ, ನಿಂತ ಎಂಜಿನ್ನಿನಲ್ಲೂ ಇಂಪೆಲ್ಲರ್ ಒಂದು ಹೊಡೆತ ತಿರುಗಬಹುದು. ಬೆರಳು ಹೋಗಲು ಅಷ್ಟು ಸಾಕು. ಇನ್ನೊಂದು: ಮೇಲಿನ 120 ಅಡಿಯ ಲೆಕ್ಕ ಹಿಮಕ್ಕೆ ಅನ್ವಯಿಸದಿದ್ದರೂ ಜಲ್ಲಿಕಲ್ಲಿಗೆ ಹತ್ತಿರ ಹತ್ತಿರ ಅನ್ವಯಿಸುತ್ತದೆ. ಇಷ್ಟು ದಿನ ನಿಮ್ಮ ಅಂಗಳದಲ್ಲೇ ಬೀಳುತ್ತಿದ್ದದ್ದು ಇನ್ನು ಎದುರು ಮನೆಯವರ ಕಾರಿನ ಗಾಜು ತಲುಪಬಹುದು. ಸೊಂಡಿಲಿನ ಮೇಲ್ತುದಿಯನ್ನು ಎಷ್ಟು ಬಗ್ಗಿಸಬೇಕೆಂದು ಹೊಸದಾಗಿ ಅಂದಾಜು ಮಾಡಿಕೊಳ್ಳಿ.

ಕೊನೆಗೆ ಅಡುಗೆ ಎಣ್ಣೆಯ ಸ್ಪ್ರೇ. ನಿಮ್ಮ ಸ್ನೇಹಿತರು ಹೇಳಿದ್ದು ಸುಳ್ಳಲ್ಲ, ಒಂದು ಹತ್ತು ನಿಮಿಷ ಹಿಮ ಜಾರಿ ಹೋಗುತ್ತದೆ, ಆಮೇಲೆ ಎಣ್ಣೆಯೂ ಹಿಮದ ಜೊತೆಗೇ ಹಾರಿಹೋಗುತ್ತದೆ. ಸಿಲಿಕೋನ್ ಸ್ಪ್ರೇ ಅದಕ್ಕಿಂತ ಸ್ವಲ್ಪ ಹೊತ್ತು ನಿಲ್ಲುತ್ತದೆ. ಸೊಂಡಿಲಿನ ಒಳಗೆ ತುಕ್ಕು ಹಿಡಿದು ಉಪ್ಪುಕಾಗದದಂತಾಗಿದ್ದರೆ ಯಾವ ಎಣ್ಣೆಯೂ ಪ್ರಯೋಜನವಿಲ್ಲ. ರಬ್ಬರ್ ಹಾಕುವಾಗ ಹೇಗೂ ಅದನ್ನು ಬಿಚ್ಚಿರುತ್ತೀರಿ. ತುಕ್ಕು ಕೆರೆದು, ಎರಡು ಕೈ ಎನಾಮೆಲ್ ಪೇಂಟ್ ಬಳಿದು, ಚೆನ್ನಾಗಿ ಒಣಗಿದ ಮೇಲೆ ಕಾರಿಗೆ ಹಚ್ಚುವ ಮೇಣ ಉಜ್ಜಿ ಮತ್ತೆ ಕೂರಿಸಿ. ಎಣ್ಣೆಯ ಡಬ್ಬಿಯನ್ನು ದೋಸೆ ಕಾವಲಿಗೆ ಇಟ್ಟುಕೊಳ್ಳಿ.